ದುಂಡಕ್ಷರದ ಒಳಗಿನ ಬಿಳಿ

‘ದನ’ಕ್ಕೂ ‘ಧನ’ಕ್ಕೂ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೆಂದರೆ ಒಂದು ಸೀಳು. ದಕಾರದ ಬುಡದಲ್ಲಿ, ದುಂಡಗೆ ಹೊರಳಿದ ಗೆರೆಯ ನಡುವೆ ಚಿಕ್ಕದೊಂದು ಕಚ್ಚು ಬಿದ್ದರೆ ಅದು ಧಕಾರ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಸ್ಲೇಟಿನ ಮೇಲೆ ತಿದ್ದಿಸುವುದು ಇದನ್ನೇ. ಡ–ಢ, ಪ–ಫ ಜೋಡಿಗಳ ಕತೆಯೂ ಇದೇ. ಪಠ್ಯಪುಸ್ತಕದ ತೆಳು ಅಕ್ಷರದಲ್ಲಿ ಈ ಸೀಳಿಗೆ ಬೇಕಾದಷ್ಟು ಜಾಗವಿದೆ. ಆದರೆ ಅಂಗಡಿಯ ಬೋರ್ಡಿಗೆ, ಸಿನಿಮಾ ಪೋಸ್ಟರಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಬೇಕಾಗುವುದು ದಪ್ಪಕ್ಷರ. ಗೆರೆ ದಪ್ಪವಾದಂತೆಲ್ಲ ಸೀಳು ಕಿರಿದಾಗುತ್ತ ಬರುತ್ತದೆ, ಒಂದು ಹಂತದಲ್ಲಿ ಮುಚ್ಚಿಯೇ ಹೋಗುತ್ತದೆ. ಆಗ ‘ಧನಲಕ್ಷ್ಮಿ’ ಎಂದು ಬರೆಸಿದ ಬೋರ್ಡು ದೂರದಿಂದ ‘ದನಲಕ್ಷ್ಮಿ’ ಆಗುತ್ತದೆ.

ಎಷ್ಟು ದೂರದಿಂದ ಎನ್ನುವುದನ್ನು ಲೆಕ್ಕ ಹಾಕಬಹುದು. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಸುಮಾರು 1 ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲು. ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲೆ ತೂಗುವ ಚಾರ್ಟು ಈ ಲೆಕ್ಕದ ಮೇಲೆಯೇ ನಿಂತಿದೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಆ ಚಾರ್ಟಿನ 6/6 ಸಾಲಿನಲ್ಲಿ, 6 ಮೀಟರ್ ದೂರದಿಂದ ನೋಡಿದಾಗ ಇಡೀ ಅಕ್ಷರ 5 ಆರ್ಕ್ ಮಿನಿಟ್ ಎತ್ತರ ಇರುತ್ತದೆ, ಅದರ ಗೆರೆ 1 ಆರ್ಕ್ ಮಿನಿಟ್ ದಪ್ಪ. ಇದನ್ನೇ ಬೀದಿಗೆ ತಂದರೆ, 30 ಮೀಟರ್ ದೂರದಲ್ಲಿ 1 ಆರ್ಕ್ ಮಿನಿಟ್ ಎಂದರೆ ಸುಮಾರು 8.7 ಮಿಲಿಮೀಟರ್. ಬೋರ್ಡಿನ ಮೇಲಿನ ಧಕಾರ ಒಂದು ಅಡಿ ಎತ್ತರವಿದ್ದು, ಅದರ ಸೀಳು ಎತ್ತರದ ಶೇ. 3ರಷ್ಟು ಅಗಲವಿದ್ದರೆ ಅದು 9 ಮಿಲಿಮೀಟರ್ ಆಯಿತು. 30 ಮೀಟರಿನಿಂದ ಅದು ಕಂಡೂ ಕಾಣದಂತಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಆ ದೂರವನ್ನು ಮೂರು ಸೆಕೆಂಡಿಗೂ ಮುಂಚೆ ದಾಟಿಬಿಡುತ್ತದೆ. ಕಿಟಕಿ ಪಕ್ಕ ಕೂತವರು ಹೆಸರು ಓದಿಕೊಳ್ಳಬೇಕಾದ್ದು ಅಷ್ಟರೊಳಗೆ.

ದಪ್ಪಕ್ಕೂ ಸ್ಪಷ್ಟತೆಗೂ ನಡುವಿನ ಈ ಜಗ್ಗಾಟವನ್ನು ಕನ್ನಡದಲ್ಲಿ ಎದುರಿಸಿದ ಫಾಂಟುಗಳಲ್ಲಿ ‘ಬಲೂ ತಮ್ಮ’ ಮುಖ್ಯವಾದದ್ದು. ಮುಂಬೈಯ ‘ಏಕ್ ಟೈಪ್’ ಸಂಸ್ಥೆ 2016ರಲ್ಲಿ ಗೂಗಲ್ ಫಾಂಟ್ಸ್ ಮೂಲಕ ಹೊರತಂದ ‘ಬಲೂ’ ಕುಟುಂಬದ ಕನ್ನಡ ಸದಸ್ಯ ಇದು. ದೇವನಾಗರಿ, ಗುರುಮುಖಿ, ಬಂಗಾಳಿ, ಒಡಿಯಾ, ಗುಜರಾತಿ, ಕನ್ನಡ, ತೆಲುಗು, ತಮಿಳು, ಮಲಯಾಳಂ ಎಂಬ ಒಂಬತ್ತು ಲಿಪಿಗಳಿಗೂ ಒಂದೊಂದು ಫಾಂಟು; ಪ್ರತಿಯೊಂದರ ಜೊತೆಗೂ ಅದಕ್ಕೆ ಹೊಂದುವ ರೋಮನ್ ಅಕ್ಷರಗಳು. ಹೆಸರು ‘ಜಂಗಲ್ ಬುಕ್’ನ ಕರಡಿಯದು, ಹೆಚ್ಚಿನವುಗಳಲ್ಲಿ ಅದರ ಹಿಂದೆ ಆಯಾ ಭಾಷೆಯ ಅಣ್ಣ-ತಮ್ಮ. ಕನ್ನಡದ ಅಕ್ಷರಗಳನ್ನು ರೂಪಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ದಪ್ಪ ಗೆರೆ, ದುಂಡು ಮೂಲೆ, ಚೂಪಾದ ಮುಳ್ಳಿಲ್ಲದ ತುದಿ: ಇಷ್ಟೇ ಇದರ ಬಾಹ್ಯ ಲಕ್ಷಣ. ನೋಡಲು ಸರಳ. ಆದರೆ ಇಂಥ ಫಾಂಟೊಂದನ್ನು ಕನ್ನಡದಲ್ಲಿ ಮಾಡುವುದು ರೋಮನ್‌ನಲ್ಲಿ ಮಾಡುವುದಕ್ಕಿಂತ ಎಷ್ಟೋ ಕಷ್ಟ. ಅದರ ಕಾರಣ ಕಲೆಯಲ್ಲಿ ಇರುವಷ್ಟೇ ರೇಖಾಗಣಿತದಲ್ಲೂ ಇದೆ.

ಸೊನ್ನೆಯಿಂದಲೇ ಶುರುಮಾಡಬಹುದು. ‘ಅಂ’ ಅಕ್ಷರದ ಅನುಸ್ವಾರ ಒಂದು ಪುಟ್ಟ ಬಳೆ. ಅದರ ಹೊರಗಿನ ವ್ಯಾಸ 300 ಮಾನ, ಗೆರೆಯ ದಪ್ಪ 60 ಮಾನ ಎಂದುಕೊಂಡರೆ ಒಳಗಿನ ತೂತಿನ ವ್ಯಾಸ 180. ಹೊರಗಿನ ಅಳತೆ ಬದಲಿಸದೆ ಗೆರೆಯನ್ನು ಎರಡರಷ್ಟು, ಅಂದರೆ 120 ಮಾನ ಮಾಡಿದರೆ ತೂತಿನ ವ್ಯಾಸ 60ಕ್ಕೆ ಇಳಿಯುತ್ತದೆ. ವ್ಯಾಸ ಮೂರನೇ ಒಂದು ಪಾಲಾದರೆ ವಿಸ್ತೀರ್ಣ ಒಂಬತ್ತನೇ ಒಂದು ಪಾಲು. ಗೆರೆ ದಪ್ಪವಾದದ್ದು ಎರಡು ಪಟ್ಟು, ಒಳಗಿನ ಬಿಳಿ ಕುಗ್ಗಿದ್ದು ಒಂಬತ್ತು ಪಟ್ಟು. ಸ್ವಲ್ಪ ದೂರ ಸರಿದು ನೋಡಿದರೆ ಸೊನ್ನೆ ಹೋಗಿ ಕರಿಯ ಚುಕ್ಕೆ ಉಳಿಯುತ್ತದೆ.

ಹಾಗಾಗಿ ದಪ್ಪಕ್ಷರ ಬರೆಯುವವರು ಕಪ್ಪು ಗೆರೆಗಿಂತ ಮೊದಲು ಒಳಗಿನ ಬಿಳಿಯನ್ನು ನಿಗದಿ ಮಾಡಿಕೊಳ್ಳುತ್ತಾರೆ. ಸೊನ್ನೆಯ ತೂತು ಇಷ್ಟು, ಧಕಾರದ ಸೀಳು ಇಷ್ಟು, ಠಕಾರದ ಹೊಟ್ಟೆಯೊಳಗಿನ ಚುಕ್ಕೆಯ ಸುತ್ತ ಇಷ್ಟು ಖಾಲಿ ಜಾಗ ಎಂದು ಮೊದಲೇ ಗೊತ್ತುಮಾಡಿ, ಉಳಿದದ್ದನ್ನು ಗೆರೆಗೆ ಬಿಟ್ಟುಕೊಡುತ್ತಾರೆ. ರೋಮನ್ ಲಿಪಿಯ ಸಣ್ಣ ‘ಎನ್’ ಅಕ್ಷರದಲ್ಲಿ ಬಿಳಿ ಇರುವುದು ಒಂದೇ ಕಡೆ. ಕನ್ನಡದ ಖ, ಜ, ಣ ಅಕ್ಷರಗಳನ್ನು ನೋಡಿ: ಒಂದೇ ಗೆರೆ ಎರಡು ಮೂರು ಕಡೆ ಸುತ್ತಿ, ಪ್ರತಿ ಸುತ್ತಿನಲ್ಲೂ ಒಂದು ಕೋಣೆ ಬಿಟ್ಟು ಮುಂದೆ ಹೋಗುತ್ತದೆ. ಪಕಾರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ಷಕಾರ. ಆ ಗೆರೆಗೂ ಜಾಗ ಬೇಕು. ಎರಡೂ ಲಿಪಿಗೆ ಒಂದೇ ದಪ್ಪದ ಗೆರೆ ಬಳಸಿದರೆ ಒಂದೇ ಬೋರ್ಡಿನಲ್ಲಿ ಕನ್ನಡದ ಸಾಲು ಇಂಗ್ಲಿಷಿನ ಸಾಲಿಗಿಂತ ಕಪ್ಪಾಗಿ, ಕಿಕ್ಕಿರಿದಂತೆ ಕಾಣುತ್ತದೆ. ಎರಡೂ ಸಮತೂಕದಲ್ಲಿ ಕಾಣಬೇಕಾದರೆ ಕನ್ನಡದ ಗೆರೆಯನ್ನು ತುಸು ತೆಳು ಮಾಡಬೇಕು, ಇಲ್ಲವೇ ಅಕ್ಷರವನ್ನೇ ಅಗಲಿಸಬೇಕು. ರೋಮನ್‌ಗೆ ಗೊತ್ತುಮಾಡಿದ ದಪ್ಪವನ್ನು ಕನ್ನಡದ ಮೇಲೆ ಹಾಗೆಯೇ ಹೇರಿದ ಫಾಂಟುಗಳು ಓದುಗರನ್ನು ದಣಿಸುವುದು ಇದೇ ಕಾರಣಕ್ಕೆ.

ಇದರ ಮೇಲೆ ಕಣ್ಣಿನ ಸ್ವಂತ ಚಾಳಿಗಳು ಬೇರೆ. ಒಂದೇ ಎತ್ತರದ ಚೌಕ ಮತ್ತು ವೃತ್ತವನ್ನು ಅಕ್ಕಪಕ್ಕ ಇಟ್ಟರೆ ವೃತ್ತ ಗಿಡ್ಡವಾಗಿ ಕಾಣುತ್ತದೆ. ಆದ್ದರಿಂದ ದುಂಡು ಅಕ್ಷರಗಳನ್ನು ಸಾಲಿನ ಅಂಚಿನಿಂದ ಕೂದಲೆಳೆಯಷ್ಟು ಆಚೆಗೆ ಚಾಚಿಸುತ್ತಾರೆ. ಅಳತೆಯಲ್ಲಿ ಒಂದೇ ದಪ್ಪವಿರುವ ಅಡ್ಡಗೆರೆ ಮತ್ತು ಉದ್ದಗೆರೆಗಳಲ್ಲಿ ಅಡ್ಡಗೆರೆಯೇ ದಪ್ಪ ಎಂದು ಕಣ್ಣು ಹೇಳುತ್ತದೆ. ಅದಕ್ಕೆ ಕಕಾರದ ನಡುವಿನ ಅಡ್ಡಗೆರೆಯನ್ನು, ತಲೆಕಟ್ಟನ್ನು ಸ್ವಲ್ಪ ಸಣ್ಣ ಮಾಡಬೇಕು. ‘ಎಲ್ಲ ಕಡೆ ಒಂದೇ ದಪ್ಪ’ ಎಂದು ಕಾಣುವ ಅಕ್ಷರದಲ್ಲಿ ನಿಜಕ್ಕೂ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಎರಡು ಗೆರೆ ಕೂಡುವ ಕಡೆ ಕಪ್ಪು ಗುಡ್ಡೆಯಾಗುತ್ತದೆ, ಅಲ್ಲಿ ಗೆರೆಯನ್ನು ಇನ್ನಷ್ಟು ಕೊರೆಯಬೇಕು. ಅಮೆರಿಕದ ಟೆಲಿಫೋನ್ ಡೈರೆಕ್ಟರಿಗಾಗಿ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಮಾಡಿದ ‘ಬೆಲ್ ಸೆಂಟೆನಿಯಲ್’ ಇದರ ಪ್ರಸಿದ್ಧ ಉದಾಹರಣೆ. ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಮೂಲೆ ತುಂಬುತ್ತದೆಂದು ಗೊತ್ತಿದ್ದ ಕಾರ್ಟರ್ ಗೆರೆಗಳ ಸಂದುಗಳಲ್ಲಿ ಆಳವಾದ ಕಚ್ಚುಗಳನ್ನು ಬಿಟ್ಟರು. ದೊಡ್ಡದಾಗಿಸಿ ನೋಡಿದರೆ ಇಲಿ ಕಡಿದಂತೆ ಕಾಣುವ ಆ ಅಕ್ಷರ, ಅಚ್ಚಾದ ಮೇಲೆ ನೆಟ್ಟಗೆ ಕಾಣುತ್ತಿತ್ತು.

ದುಂಡುತನ ಎಲ್ಲಿಂದ ಬಂತು? ಬಹಳ ಸಲ ಉಪಕರಣದಿಂದ. ತಿರುಗುವ ಮೊನೆಯಿಂದ ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಕೊರೆಯುವ ಯಂತ್ರ ಗೆರೆಯ ಕೊನೆಗೆ ತಲುಪಿ ನಿಂತಾಗ ಬಿಟ್ಟುಹೋಗುವುದು ಅರೆವೃತ್ತವನ್ನೇ. ನಿಯಾನ್ ಕೊಳವೆಯನ್ನು ಚೂಪು ಮೂಲೆಗೆ ಬಗ್ಗಿಸಲಾಗದು. 1979ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಮಾರಾಟ ಮಳಿಗೆಗಳಿಗಾಗಿ ಮಾಡಿಸಿಕೊಂಡ ‘ವ್ಯಾಗ್ ರೌಂಡೆಡ್’ ಮುಂದೆ ಹಲವು ವರ್ಷ ಆಪಲ್ ಕಂಪ್ಯೂಟರುಗಳ ಕೀಲಿಗಳ ಮೇಲೆ ಕೂತು ಜಗತ್ತಿನ ಬೆರಳುಗಳಿಗೆ ಪರಿಚಿತವಾಯಿತು. ಜಪಾನಿನಲ್ಲಿ ‘ಮಾರು ಗೋಥಿಕ್’ ಎಂಬ ದುಂಡು ಅಕ್ಷರಗಳು ಬೀದಿಯ ಫಲಕಗಳಲ್ಲಿ ಸರ್ವೇಸಾಮಾನ್ಯ. ಕನ್ನಡ ಲಿಪಿಯ ದುಂಡುತನಕ್ಕೂ ಉಪಕರಣದ ವಿವರಣೆಯನ್ನೇ ಕೊಡುವುದುಂಟು: ತಾಳೆಗರಿಯ ಮೇಲೆ ಕಂಠದಿಂದ ನೇರವಾಗಿ ಅಡ್ಡಗೆರೆ ಎಳೆದರೆ ಗರಿ ನಾರಿನಗುಂಟ ಸೀಳುತ್ತದೆ, ಹಾಗಾಗಿ ಗೆರೆ ಬಾಗಿತು ಎಂದು. ಇದರಲ್ಲಿ ಸತ್ಯಾಂಶ ಇರಬಹುದು, ಆದರೆ ಪೂರ್ತಿ ಉತ್ತರ ಅಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಕಲ್ಲಿನ ಮೇಲೂ ಅಕ್ಷರಗಳು ತುಂಬು ದುಂಡಾಗಿಯೇ ಇವೆ. ಉಳಿಗೆ ಗರಿ ಹರಿಯುವ ಭಯ ಇರಲಿಲ್ಲ. ದುಂಡು ಅಷ್ಟು ಹೊತ್ತಿಗೆ ಕನ್ನಡದ ಕೈಗೂ ಕಣ್ಣಿಗೂ ಒಗ್ಗಿಹೋಗಿತ್ತು.

ಕಂಪ್ಯೂಟರಿನಲ್ಲಿ ಈ ದುಂಡು ಒಂದು ಸಮೀಕರಣ. ಕಾರುಗಳ ಮೈ ವಿನ್ಯಾಸಕ್ಕಾಗಿ ಸಿತ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ, ರೆನೊದಲ್ಲಿ ಪಿಯರ್ ಬೆಜಿಯೆ ಕಂಡುಕೊಂಡ ವಕ್ರರೇಖೆಗಳೇ 1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಮೂಲಕ ಅಕ್ಷರಲೋಕಕ್ಕೆ ಬಂದವು. ಎರಡು ತುದಿಬಿಂದು, ನಡುವೆ ಎಳೆತವನ್ನು ನಿರ್ಧರಿಸುವ ಎರಡು ಹಿಡಿಕೆ. ಇಷ್ಟು ಕೊಟ್ಟರೆ ಗೆರೆ ತಾನಾಗಿ ಬಾಗುತ್ತದೆ. ಇಂಥ ರೇಖೆಯಿಂದ ನಿಖರವಾದ ವೃತ್ತ ಬರೆಯಲು ಸಾಧ್ಯವೇ ಇಲ್ಲ. ನಾಲ್ಕು ತುಂಡು ಜೋಡಿಸಿ, ಹಿಡಿಕೆಯ ಉದ್ದವನ್ನು ತ್ರಿಜ್ಯದ 0.5523ರಷ್ಟು ಇಟ್ಟರೆ ವೃತ್ತಕ್ಕೆ ತೀರಾ ಹತ್ತಿರ ಬರಬಹುದು. ಉಳಿಯುವ ತಪ್ಪು ತ್ರಿಜ್ಯದ ಶೇ. 0.03ಕ್ಕಿಂತ ಕಡಿಮೆ. ಯಾವ ಕಣ್ಣಿಗೂ ಅದು ಕಾಣದು.

ಕಣ್ಣಿಗೆ ಕಾಣುವ ತಪ್ಪು ಬೇರೆಯೇ ಇದೆ. ನೇರ ಗೆರೆಯೊಂದರ ತುದಿಗೆ ಅರೆವೃತ್ತವನ್ನು ಅಂಟಿಸಿ ನೋಡಿದರೆ ಎರಡೂ ಸೇರುವ ಜಾಗದಲ್ಲಿ ಗೆರೆ ಊದಿಕೊಂಡಂತೆ, ಮೂಳೆಯ ಗೆಣ್ಣಿನಂತೆ ಕಾಣುತ್ತದೆ. ಅಳತೆಪಟ್ಟಿ ಹಿಡಿದರೆ ಅಲ್ಲಿ ಯಾವ ಉಬ್ಬೂ ಇಲ್ಲ. ನೇರ ಗೆರೆಯ ಬಾಗು ಸೊನ್ನೆ, ಅರೆವೃತ್ತದ ಬಾಗು ಒಂದು ಸ್ಥಿರ ಸಂಖ್ಯೆ. ಒಂದರಿಂದ ಇನ್ನೊಂದಕ್ಕೆ ಗೆರೆ ನಡುವೆ ಏನೂ ಇಲ್ಲದೆ ಜಿಗಿಯುತ್ತದೆ, ಆ ಜಿಗಿತವನ್ನು ಕಣ್ಣು ಉಬ್ಬು ಎಂದು ಓದುತ್ತದೆ. ಒಳ್ಳೆಯ ದುಂಡಕ್ಷರದಲ್ಲಿ ಬಾಗು ತುದಿಗಿಂತ ಎಷ್ಟೋ ಮೊದಲೇ ನಿಧಾನವಾಗಿ ಶುರುವಾಗಿ ಏರುತ್ತ ಹೋಗುತ್ತದೆ. ಸಾಮಾನ್ಯ ಫಾಂಟೊಂದನ್ನು ತೆಗೆದುಕೊಂಡು ತಂತ್ರಾಂಶದ ಒಂದು ಒತ್ತಿನಿಂದ ಮೂಲೆಗಳನ್ನೆಲ್ಲ ಉರುಟು ಮಾಡಿದರೆ ಅಗ್ಗವಾಗಿ ಕಾಣುವುದು ಇದರಿಂದಲೇ.

ಮೂಲೆಗಳಲ್ಲೂ ಎರಡು ಬಗೆ, ಎರಡರ ಪರಿಣಾಮವೂ ಬೇರೆ. ಹೊರಮೂಲೆಯನ್ನು ಉರುಟು ಮಾಡಿದರೆ ಅಕ್ಷರದಿಂದ ಸ್ವಲ್ಪ ಕಪ್ಪು ಕಳೆಯುತ್ತದೆ. ಒಳಮೂಲೆಯನ್ನು ಉರುಟು ಮಾಡಿದರೆ ಕಪ್ಪು ಸೇರುತ್ತದೆ. ಧಕಾರದ ಸೀಳಿನ ಬಾಯಲ್ಲಿರುವುದು ಎರಡು ಹೊರಮೂಲೆ. ಅವನ್ನು ಉರುಟು ಮಾಡಿದಾಗ ಸೀಳಿನ ಬಾಯಿ ಆಲಿಕೆಯಂತೆ ಅಗಲವಾಗಿ ತೆರೆದು, ದೂರದಿಂದಲೂ ಬೆಳಕು ಕಾಣುತ್ತದೆ. ಸೀಳಿನ ತಳದಲ್ಲಿರುವುದು ಒಳಮೂಲೆಗಳು. ಅವನ್ನು ಚೂಪಾಗಿ ಬಿಡುವುದೇ ಮೇಲು. ದುಂಡಕ್ಷರ ಎಂದರೆ ಎಲ್ಲವೂ ದುಂಡು ಎಂದುಕೊಂಡವರಿಗೆ ಇದು ವಿಚಿತ್ರ ಅನಿಸಬಹುದು. ಅಕ್ಷರದ ಹೊರಮೈ ಮೃದುವಾಗಿ, ಒಳಮೂಲೆ ಹರಿತವಾಗಿ ಇರುವಾಗಲೇ ದಪ್ಪಕ್ಷರ ಉಸಿರಾಡುತ್ತದೆ.

ದುಂಡು ಆಕಾರ ಕಂಡರೆ ಮನಸ್ಸು ಸಡಿಲಾಗುವುದಕ್ಕೂ ಪ್ರಯೋಗಗಳ ಆಧಾರವಿದೆ. ಮೋಶೆ ಬಾರ್ ಮತ್ತು ಮೈಟಲ್ ನೇಟಾ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಸ್ತುವಿನ ಚೂಪು ರೂಪಕ್ಕಿಂತ ಬಾಗಿದ ರೂಪವನ್ನೇ ಜನ ಹೆಚ್ಚು ಇಷ್ಟಪಟ್ಟರು. ಇನ್ನೊಂದು ಪ್ರಯೋಗ ಇನ್ನೂ ಹಳೆಯದು. 1929ರಲ್ಲಿ ವುಲ್ಫ್‌ಗಾಂಗ್ ಕೋಲರ್ ಅರ್ಥವಿಲ್ಲದ ಎರಡು ಪದಗಳನ್ನು ಎರಡು ಚಿತ್ರಗಳಿಗೆ ಹೊಂದಿಸುವುದನ್ನು ವಿವರಿಸಿದ್ದರು, 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್ ಅದನ್ನು ‘ಬೂಬಾ–ಕಿಕಿ’ ಎಂದು ಹೊಸದಾಗಿ ಮುಂದಿಟ್ಟರು. ಮೋಡದಂಥ ದುಂಡು ಚಿತ್ರಕ್ಕೆ ‘ಬೂಬಾ’, ಮುಳ್ಳುಮುಳ್ಳಾದ ಚಿತ್ರಕ್ಕೆ ‘ಕಿಕಿ’ ಎಂದವರೇ ಬಹುಪಾಲು. ರೋಮನ್ ಲಿಪಿಯಲ್ಲಿ ‘ಬಿ’ ದುಂಡು, ‘ಕೆ’ ಚೂಪು; ಜನ ಶಬ್ದದ ಬದಲು ಅಕ್ಷರದ ಆಕಾರವನ್ನೇ ನೆನೆಸಿಕೊಂಡು ಉತ್ತರಿಸುತ್ತಿರಬಹುದೇ ಎಂಬ ಅನುಮಾನ ಸಹಜವಾಗಿಯೇ ಎದ್ದಿತು. ಬೇರೆ ಬೇರೆ ಲಿಪಿ ಬಳಸುವ 25 ಭಾಷೆಗಳ ಜನರ ನಡುವೆ ನಡೆದ ಈಚಿನ ಅಧ್ಯಯನವೊಂದು, ಲಿಪಿ ಬದಲಾದರೂ ಒಲವು ಉಳಿಯುತ್ತದೆ ಎಂದು ತೋರಿಸಿತು. ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಸ್ವಾರಸ್ಯದ್ದು: ನಮ್ಮ ಲಿಪಿಯಲ್ಲಿ ಬಕಾರವೂ ದುಂಡು, ಕಕಾರವೂ ದುಂಡು. ರೋಮನ್‌ನಲ್ಲಿ ದುಂಡು ಫಾಂಟು ಎಂದರೆ ಚೂಪು ಅಕ್ಷರಗಳನ್ನು ಮೆತ್ತಗೆ ಮಾಡುವ ಕೆಲಸ. ಕನ್ನಡದಲ್ಲಿ ಅಕ್ಷರ ಮೊದಲೇ ದುಂಡು. ಅದು ಕಪ್ಪು ಮುದ್ದೆಯಾಗದಂತೆ ಕಾಯುವುದೇ ಕೆಲಸ.

ಬರೆದ ಅಕ್ಷರಗಳು ತಾವಾಗಿಯೇ ಪದವಾಗುವುದಿಲ್ಲ. ‘ಧನಲಕ್ಷ್ಮಿ’ ಎಂದು ಟೈಪ್ ಮಾಡಿದಾಗ ಯೂನಿಕೋಡ್ ಕಾಣುವುದು ಒಂಬತ್ತು ಸಂಕೇತಗಳನ್ನು: ಧ, ನ, ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಡಿಸು. ಓದುಗರಿಗೆ ಕಾಣಬೇಕಾದ್ದು ನಾಲ್ಕು ಅಕ್ಷರ. ಕೊನೆಯ ‘ಕ್ಷ್ಮಿ’ಯಲ್ಲಿ ಕ ಮತ್ತು ಷ ಬೆಸೆದು ಒಂದೇ ಆಕೃತಿಯಾಗಬೇಕು, ಮಕಾರ ಒತ್ತಾಗಿ ಕೆಳಗಿಳಿಯಬೇಕು, ಎಲ್ಲಕ್ಕೂ ಕೊನೆಗೆ ಟೈಪ್ ಮಾಡಿದ ಗುಡಿಸು ಹಿಂದಕ್ಕೆ ಸರಿದು ಕ್ಷಕಾರದ ನೆತ್ತಿಗೆ ಏರಬೇಕು. ‘ಕರ್ನಾಟಕ’ದ ಅರ್ಕಾವತ್ತಿನ ಪಯಣ ಇದಕ್ಕೆ ವಿರುದ್ಧ ದಿಕ್ಕಿನದು: ನಕಾರಕ್ಕಿಂತ ಮೊದಲು ಒತ್ತಿದ ‘ರ್’ ಪರದೆಯ ಮೇಲೆ ‘ನಾ’ ಆದಮೇಲೆ ಬಂದು ನಿಲ್ಲುತ್ತದೆ. ಈ ಹಿಂದುಮುಂದಿನ ನಿಯಮಗಳೆಲ್ಲ ಓಪನ್‌ಟೈಪ್ ಕೋಷ್ಟಕಗಳಾಗಿ ಫಾಂಟಿನ ಒಳಗೇ ಕೂತಿರುತ್ತವೆ. ಬಲೂ ಬಳಗದಲ್ಲಿ ಈ ತಾಂತ್ರಿಕ ಹೊಣೆ ಹೊತ್ತವರು ಗಿರೀಶ್ ದಳವಿ.

ದಪ್ಪಕ್ಷರಕ್ಕೆ ಒತ್ತು ಇನ್ನೊಂದು ತೊಡಕು. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಆದರೆ ಗೆರೆ ಅದೇ ಕುಟುಂಬದ್ದಾಗಿ ಕಾಣಬೇಕು. ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಇಟ್ಟರೆ ಗೆರೆ ಬಡಕಲಾಗುತ್ತದೆ; ಗೆರೆಯ ದಪ್ಪ ಉಳಿಸಿದರೆ ಒಳಗಿನ ಬಿಳಿ ಸತ್ತುಹೋಗುತ್ತದೆ. ಒಂದೊಂದು ಒತ್ತನ್ನೂ ಹೊಸದಾಗಿಯೇ ಬರೆಯಬೇಕು. ‘ರಾಷ್ಟ್ರ’ದಂಥ ಪದದಲ್ಲಿ ಒಂದು ಒತ್ತಿನ ಬೆನ್ನಿಗೆ ಇನ್ನೊಂದು ಬಂದು, ಕೆಳಗಿನ ಸಾಲಿನ ಗುಡಿಸು-ಏತ್ವಗಳಿಗೆ ಡಿಕ್ಕಿ ಹೊಡೆಯದಂತೆ ಸಾಲುಗಳ ನಡುವೆ ಅಂತರವನ್ನೂ ಬಿಡಬೇಕು. ಇಂಗ್ಲಿಷ್ ತಲೆಬರಹಗಳಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸುವ ಪುಟವಿನ್ಯಾಸ ಕನ್ನಡಕ್ಕೆ ಹಾಗೆಯೇ ಒಗ್ಗದಿರುವುದು ಇದಕ್ಕೇ.

ಇಷ್ಟೆಲ್ಲ ಜತನದಿಂದ ಮಾಡಿದ ಫಾಂಟನ್ನು ಒಂದೇ ಒಂದು ಗುಂಡಿ ಹಾಳುಮಾಡಬಲ್ಲದು. ಬೋಲ್ಡ್ ರೂಪವಿಲ್ಲದ ಫಾಂಟಿಗೆ ಬೋಲ್ಡ್ ಒತ್ತಿದರೆ ತಂತ್ರಾಂಶ ಸುಮ್ಮನಿರುವುದಿಲ್ಲ. ಇರುವ ಗೆರೆಯ ಸುತ್ತಲೂ ಕಪ್ಪು ಬಳಿದು ಬೋಲ್ಡ್‌ನ ವೇಷ ಹಾಕುತ್ತದೆ. ಅದಕ್ಕೆ ಸೀಳು ಗೊತ್ತಿಲ್ಲ, ಸೊನ್ನೆ ಗೊತ್ತಿಲ್ಲ. ಮೊದಲ ಬಲೂ ಫಾಂಟುಗಳಿಗೆ ಇದ್ದದ್ದು ಒಂದೇ ತೂಕ, ಅಂದರೆ ಗೆರೆಯ ಒಂದೇ ದಪ್ಪ. ಆ ತೂಕವೇ ಸಾಕಷ್ಟು ದಪ್ಪ. ಆದರೆ ಜಾಲತಾಣದ ತಲೆಬರಹಗಳನ್ನು ಬ್ರೌಸರ್ ತಾನಾಗಿಯೇ ಬೋಲ್ಡ್ ಎಂದುಕೊಳ್ಳುತ್ತದೆ. ತೂಕವನ್ನು ನಮೂದಿಸಲು ಮರೆತರೆ ದಪ್ಪದ ಮೇಲೆ ದಪ್ಪ ಬಿದ್ದು ಖ, ಜ, ಣಗಳ ಕೋಣೆಗಳೆಲ್ಲ ತುಂಬಿಕೊಳ್ಳುತ್ತವೆ.

ಆಮೇಲೆ ಬಂದ ‘ಬಲೂ ತಮ್ಮ 2’ರಲ್ಲಿ 400ರಿಂದ 800ರವರೆಗೆ ಐದು ತೂಕಗಳಿವೆ. 2016ರ ಸೆಪ್ಟೆಂಬರಿನಲ್ಲಿ ಘೋಷಣೆಯಾದ ವೇರಿಯಬಲ್ ಫಾಂಟ್ ತಂತ್ರದಲ್ಲಿ ತೆಳು ಮತ್ತು ದಪ್ಪ ಎಂಬ ಎರಡು ಮೂಲರೂಪಗಳನ್ನು ಬರೆದಿಟ್ಟರೆ ನಡುವಿನದನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿಕೊಳ್ಳುತ್ತದೆ. ತೆಳು ರೂಪದಲ್ಲಿ ಗೆರೆ 60, ದಪ್ಪದಲ್ಲಿ 200 ಎಂದಿದ್ದರೆ ನಟ್ಟನಡುವೆ 130. ಷರತ್ತು ಒಂದೇ: ಎರಡು ರೂಪಗಳಲ್ಲೂ ಬಿಂದುಗಳ ಸಂಖ್ಯೆ, ಅವುಗಳ ಸರದಿ ಒಂದೇ ಆಗಿರಬೇಕು. ತೆಳು ಅಕ್ಷರದಲ್ಲಿ ಅಗತ್ಯವೇ ಇಲ್ಲದ ಕೊರೆತವನ್ನೂ ದಪ್ಪ ಅಕ್ಷರದ ಸಲುವಾಗಿ ಮೊದಲೇ ಹುದುಗಿಸಿಡಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಈಗ ಬೀದಿಯ ತುರ್ತು ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಮಳಿಗೆಗಳ ನಾಮಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಜಾಗ ಸಿಕ್ಕಿತು. ಆ ಜಾಗವನ್ನು ತುಂಬುವ ಅಕ್ಷರ ಓದಲು ಬರುವಂಥದ್ದಾಗಿರಬೇಕಲ್ಲ? ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು ಧಕಾರದ ಸೀಳನ್ನು ಅಂದಾಜಿನ ಮೇಲೆ ಅಗಲಿಸಿಬಿಡುತ್ತಿದ್ದರು, ಕೈಗೆ ಆ ವಿವೇಚನೆ ಇತ್ತು. ಈಗ ಅಕ್ರಿಲಿಕ್ ಹಾಳೆಯನ್ನು ಯಂತ್ರ ಕತ್ತರಿಸುತ್ತದೆ, ಫಾಂಟಿನಲ್ಲಿ ಇರುವುದನ್ನೇ ಕತ್ತರಿಸುತ್ತದೆ. ಮೂಲ ಅಕ್ಷರಕ್ಕೆ ಅಂಟಿಕೊಳ್ಳದ ಒತ್ತುಗಳು ಬಿಡಿ ತುಂಡುಗಳಾಗಿ ಉದುರುತ್ತವೆ. ಪ್ರತಿಯೊಂದನ್ನೂ ಬೇರೆಯಾಗಿ ಕೂರಿಸಬೇಕು, ಒಳಗೆ ಎಲ್‌ಇಡಿ ಹಿಡಿಸಲು ಜಾಗವೂ ಬೇಕು. ತೆಳು ಫಾಂಟಿನ ಒತ್ತಿನಲ್ಲಿ ಆ ಜಾಗವೇ ಇರುವುದಿಲ್ಲ. ಹಾಗಾಗಿ ಇಲ್ಲಿ ದಪ್ಪ ದುಂಡಕ್ಷರ ಅಂದಕ್ಕಾಗಿ ಮಾತ್ರವಲ್ಲ, ಕೆಲಸದ ಅನುಕೂಲಕ್ಕಾಗಿಯೂ ಬೇಕು.

ರಾತ್ರಿ ದೀಪ ಹೊತ್ತಿದ ಮೇಲೆ ಇನ್ನೊಂದು ಬದಲಾವಣೆ. ಕಪ್ಪು ಹಿನ್ನೆಲೆಯಲ್ಲಿ ಬೆಳಗುವ ಆಕಾರ ಅದರ ನಿಜವಾದ ಅಳತೆಗಿಂತ ದೊಡ್ಡದಾಗಿ ಕಾಣುತ್ತದೆ ಎಂಬುದನ್ನು 19ನೇ ಶತಮಾನದಲ್ಲೇ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಚರ್ಚಿಸಿದ್ದರು. ಬೆಳಕು ಕಣ್ಣಿನೊಳಗೆ ಹರಡಿ ಪಕ್ಕದ ಕತ್ತಲನ್ನು ನುಂಗುತ್ತದೆ. ಹಗಲಿನಲ್ಲಿ ಸರಿಯಾಗಿ ಕಂಡ 800 ತೂಕದ ಅಕ್ಷರ ರಾತ್ರಿ ಊದಿದಂತೆ ಕಾಣಬಹುದು. ಬೆಳಗುವ ಬೋರ್ಡಿಗೆ ಒಂದೆರಡು ಮೆಟ್ಟಿಲು ಕಡಿಮೆ ತೂಕ, ಬಣ್ಣದ ಬೋರ್ಡಿಗೆ ಪೂರ್ತಿ ತೂಕ ಎಂದು ಆರಿಸಿಕೊಳ್ಳುವ ಅವಕಾಶ ಐದು ತೂಕಗಳಿರುವ ಫಾಂಟಿನಲ್ಲಿದೆ.

ಇಲ್ಲದಿರುವುದು ಅಗಲದ ಆಯ್ಕೆ. ಕನ್ನಡದ ಪದಗಳು ಉದ್ದ, ಬೋರ್ಡುಗಳು ಕಿರಿದು. ಅಕ್ಷರವನ್ನು ಅಡ್ಡಕ್ಕೆ ಹಿಂಡಿ ಕೂರಿಸುವುದು ಬೀದಿಬೀದಿಯಲ್ಲಿ ನಡೆಯುತ್ತಿದೆ. ಹಾಗೆ ಹಿಂಡಿದಾಗ ಉದ್ದಗೆರೆಗಳು ಮಾತ್ರ ತೆಳುವಾಗಿ, ದುಂಡು ತುದಿಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಏಕ್ ಟೈಪ್ ಸಂಸ್ಥೆಯೇ 2022ರಲ್ಲಿ ತಂದ ‘ಅನೇಕ್ ಕನ್ನಡ’ದಲ್ಲಿ ತೂಕದ ಜೊತೆಗೆ ಅಗಲವನ್ನೂ ಬದಲಿಸಬಹುದು, ಆದರೆ ಅದರ ಸ್ವಭಾವ ಬಲೂವಿನ ದುಂಡುತನದ್ದಲ್ಲ. ಎರಡೂ ಮುಕ್ತ ಪರವಾನಗಿಯ ಫಾಂಟುಗಳು: ಯಾರು ಬೇಕಾದರೂ ಕಡತ ತೆರೆದು ಬಿಂದುಗಳನ್ನು ಸರಿಸಿ ನೋಡಬಹುದು, ತಮ್ಮದೇ ರೂಪ ಕಟ್ಟಬಹುದು. ದುಂಡುತನ ಕೆಡದಂತೆ ಅಗಲ ಕುಗ್ಗಬಲ್ಲ, ಕುಗ್ಗಿದಾಗಲೂ ಖಕಾರದ ಎರಡೂ ಕೋಣೆಗಳನ್ನು ತೆರೆದಿಟ್ಟುಕೊಳ್ಳಬಲ್ಲ ಕನ್ನಡದ ದಪ್ಪಕ್ಷರವೊಂದನ್ನು ಬರೆಯಲು ಬೇಕಾದ ಗಣಿತ, ಉಪಕರಣ, ಮಾದರಿ ಎಲ್ಲವೂ ಈಗ ಕೈಗೆಟಕುವಂತಿವೆ.